ಫ್ಲಾರೆನ್ಸಿಗೆ ಒಂದೂವರೆ ದಿನ ಸಾಕಾ? ಅಪ್ಪ ಅಮ್ಮ ಜೊತೆಗಿದ್ದಾರೆ

ಸಾಗರದವ:
ಎಲ್ರಿಗೂ ನಮಸ್ಕಾರ. ಅಡಿಕೆ ಕೊನೆಕೊಯ್ಲು ಶುರುವಾಗೋಕೆ ಮುಂಚೆ, ಸೆಪ್ಟೆಂಬರಲ್ಲಿ ಅಪ್ಪ ಅಮ್ಮನ್ನ ಯುರೋಪಿಗೆ ಕರ್ಕೊಂಡು ಹೋಗ್ತಿದೀನಿ, ಪ್ಯಾರಿಸ್, ಸ್ವಿಸ್ ಮುಗಿಸಿ ವೆನಿಸ್, ಅಲ್ಲಿಂದ ಟ್ರೈನಲ್ಲಿ ಫ್ಲಾರೆನ್ಸ್, ಆಮೇಲೆ ರೋಮ್. ಫ್ಲಾರೆನ್ಸಿಗೆ ಸಿಗೋದು ಭಾನುವಾರ ಮಧ್ಯಾಹ್ನದಿಂದ ಸೋಮವಾರ ರಾತ್ರಿವರೆಗೆ ಅಷ್ಟೇ. ಪೀಸಾ ವಾಲುಗೋಪುರಾನೂ ನೋಡ್ಬೇಕು ಅಂತ ಅಪ್ಪಂಗೆ ಆಸೆ. ಅಮ್ಮಂಗೆ ಮಂಡಿನೋವು, ಇಬ್ರೂ ಪ್ಯೂರ್ ವೆಜ್, ಮೊಟ್ಟೆನೂ ಇಲ್ಲ. ಹೋಗಿಬಂದವ್ರು ಹೇಳಿ, ಯಾವ್ದು ಬಿಡಬಾರ್ದು?

ತೀರ್ಥಹಳ್ಳಿ_ಮಳೆ:
ಮೊದ್ಲು ವಾರ ನೋಡ್ಕೊಳಿ ಮಾರಾಯ್ರೆ! ಸೋಮವಾರ ಉಫೀಜಿ, ಅಕಾಡೆಮಿಯಾ ಎರಡೂ ಮ್ಯೂಸಿಯಮ್ಮಿಗೆ ರಜೆ. ಭಾನುವಾರ ಕೆಥೆಡ್ರಲ್ ಒಳಗೆ ಪೂಜೆ ಪ್ರಾರ್ಥನೆ, ಟೂರಿಸ್ಟ್‌ಗಳಿಗೆ ಬಿಡಲ್ಲ. ಹಂಗಾಗಿ ಭಾನುವಾರ ಮಧ್ಯಾಹ್ನವೇ ಅಕಾಡೆಮಿಯಾದಲ್ಲಿ ಡೇವಿಡ್ ಮೂರ್ತಿ ನೋಡ್ಬಿಡಿ, ಟಿಕೆಟ್ ಈಗ್ಲೇ ಆನ್‌ಲೈನಲ್ಲಿ ತಗೊಳಿ. ಸಿನ್ಯೋರಿಯಾ ಚೌಕದಲ್ಲಿ ನಿಂತಿರೋದು ನಕಲು, ಮೈಕೆಲೇಂಜೆಲೊ 1504ರಲ್ಲಿ ಮುಗಿಸಿದ ಅಸಲಿ ಮೂರ್ತಿನ 1873ರಲ್ಲಿ ಒಳಗೆ ಸಾಗಿಸಿದ್ರು. ಐದು ಮೀಟರಿಗೂ ಎತ್ತರ, ಕೈಮೇಲಿನ ನರ ಕೂಡ ಕಾಣುತ್ತೆ, ಫೋಟೋದಲ್ಲಿ ಏನೂ ಗೊತ್ತಾಗಲ್ಲ.

ತುಂಗಾತೀರ:
ನನ್ ಕೇಳಿದ್ರೆ ಡೂಮೊ, ಅಂದ್ರೆ ಅದೇ ಕೆಥೆಡ್ರಲ್, ಅದರ ಗುಮ್ಮಟಕ್ಕೇ ಹೆಚ್ಚು ಟೈಮ್ ಕೊಡಿ. ನಾನು ಶಿವಮೊಗ್ಗದಲ್ಲಿ ಕಟ್ಟಡ ಕೆಲಸದಲ್ಲಿರೋನು, ಅದನ್ನ ನೋಡಿ ಬಾಯಿ ಕಟ್ಟಿಹೋಯ್ತು. ಸುಮಾರು 45 ಮೀಟರ್ ಅಗಲ, ಅಷ್ಟು ದೊಡ್ಡದಕ್ಕೆ ಕೆಳಗಿಂದ ಮರದ ಆಧಾರ ಕೊಡ್ದೇನೆ ಬ್ರುನೆಲೆಸ್ಕಿ ಅನ್ನೋ ವಾಸ್ತುಶಿಲ್ಪಿ 1420ರಿಂದ 1436ರೊಳಗೆ ಎಬ್ಬಿಸಿದ, ಒಳಗೊಂದು ಹೊರಗೊಂದು ಎರಡು ಚಿಪ್ಪು, ಮಧ್ಯೆ ಮೆಟ್ಟಿಲು, ಇಟ್ಟಿಗೆ ಓರೆ ಓರೆಯಾಗಿ ಒಂದನ್ನೊಂದು ಹಿಡ್ಕೊಳೋ ಹಾಗೆ ಜೋಡಿಸಿದಾನೆ, ಹತ್ತುವಾಗ ಕೆಲವು ಕಡೆ ಅದು ಕಣ್ಣೆದುರೇ ಕಾಣುತ್ತೆ. ಆದ್ರೆ 463 ಮೆಟ್ಟಿಲು, ಲಿಫ್ಟ್ ಇಲ್ಲ, ಅಮ್ಮಂಗೆ ಖಂಡಿತ ಬೇಡ. ನೀವು ಅಪ್ಪ ಹತ್ತಿ, ಅಮ್ಮ ಕೆಳಗೆ ಕೆಥೆಡ್ರಲ್ ನೋಡ್ಲಿ, ಭುಜ ಮಂಡಿ ಮುಚ್ಚೋ ಬಟ್ಟೆ ಇರ್ಬೇಕು.
ಸಂಜೆ ಪೊಂತೆ ವೆಕ್ಕಿಯೊ ಸೇತುವೆಗೆ ಹೋಗಿ, 1345ರದ್ದು, ಮೇಲೆಲ್ಲ ಚಿನ್ನದಂಗಡಿ. 1966ರ ನವೆಂಬರಲ್ಲಿ ಆರ್ನೊ ಹೊಳೆ ಊರೊಳಗೇ ನುಗ್ಗಿತ್ತು, ನೀರು ಎಲ್ಲಿವರೆಗೆ ಬಂತು ಅಂತ ಗೋಡೆಗಳ ಮೇಲೆ ಗುರುತಿದೆ. ಮಳೆಗಾಲದಲ್ಲಿ ತುಂಗೆ ಮಂಟಪ ಮುಳುಗ್ತಾ ಅಂತ ಓಡಿಹೋಗಿ ನೋಡೋ ನಮಗೆ ಆ ಗುರುತು ನೋಡಿದ್ರೆ ಹೊಟ್ಟೆ ಚುರ್ ಅನ್ನುತ್ತೆ.

ಹೊಸನಗರದಕ್ಕ:
ಊಟದ ವಿಷ್ಯ ಹೇಳ್ತೀನಿ. ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರಲ್ಲ, ಫ್ರೆಶ್ ಪಾಸ್ತಾದಲ್ಲಿ ಇರುತ್ತೆ, ಕೇಳಿ ತಗೊಳಿ. ಪಾರ್ಮೆಸಾನ್ ಚೀಸಿಗೆ ಹಾಲು ಒಡೆಯೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕ್ತಾರೆ, ಅಪ್ಪ ಅಮ್ಮಂಗೆ ಮೊದ್ಲೇ ಹೇಳ್ಬಿಡಿ ತಮ್ಮ, ಆಮೇಲೆ ಗೊತ್ತಾದ್ರೆ ಬೇಜಾರಾಗ್ತಾರೆ. ಪಿಜ್ಜಾ ಮರಿನಾರಾ ಅಂದ್ರೆ ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ, ಚೀಸ್ ಇಲ್ಲ. ಅಲ್ಲಿ ಬ್ರೆಡ್ಡಿಗೆ ಉಪ್ಪೇ ಹಾಕಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ ಗಟ್ಟಿಯಾಗಿ ಪ್ಯಾಕ್ ಮಾಡಿ ಚೆಕ್-ಇನ್ ಬ್ಯಾಗಲ್ಲಿಡಿ. ತುಪ್ಪ, ಹಾಲಿನ ಸ್ವೀಟು ಮಾತ್ರ ಬೇಡ, ಹೊರಗಿಂದ ಹಾಲಿನ ಪದಾರ್ಥ ಒಳಗೆ ಬಿಡಲ್ಲ.
ಪೀಸಾ ಟ್ರೈನಲ್ಲಿ ಒಂದು ಗಂಟೆ, ಹೋಗಿ ಬರೋದ್ರಲ್ಲೇ ಅರ್ಧ ದಿನ ಖಾಲಿ. ರೋಮಲ್ಲಿ ಒಂದು ದಿನ ಕಮ್ಮಿ ಮಾಡಿ ಇಲ್ಲಿಗೆ ಸೇರಿಸೋಕೆ ಆಗಲ್ವಾ?

ಸಾಗರದವ:
ತುಂಬಾ ಥ್ಯಾಂಕ್ಸ್, ವಾರದ ರಜೆ ನೋಡೇ ಇರ್ಲಿಲ್ಲ. ರೋಮ್ ಹೋಟೆಲ್ ಕ್ಯಾನ್ಸಲ್ ಮಾಡಬಹುದು, ಹಾಗಾಗಿ ಮಂಗಳವಾರ ಪೀಸಾಗೆ ಇಡ್ತೀನಿ. ಅಕ್ಕ, ಸ್ಟೇಷನ್ ಹತ್ರ ರೂಮ್ ಮಾಡಿದ್ರೆ ಅಮ್ಮಂಗೆ ನಡೆಯೋದು ಕಮ್ಮಿ ಆಗುತ್ತಾ, ಇಲ್ಲ ಡೂಮೊ ಹತ್ರವೇ ಹುಡುಕ್ಲಾ?