ಸಹಾಯ ಬೇಕು: ಎಚ್‌ಸಿ-12 ರೇಡಿಯೊ ಜೋಡಿಯ ಸಂದೇಶ ತೋಟ ದಾಟುತ್ತಿಲ್ಲ

ಉಡುಪಿ ಹತ್ತಿರದ ಅಡಿಕೆ ತೋಟ. ಬಾವಿಯ ನೀರಿನ ಮಟ್ಟದ ಮಾಹಿತಿ 150 ಮೀಟರ್ ದೂರದ ಮನೆಗೆ ಬರಬೇಕು. ಎರಡು ಆರ್ಡುಯಿನೊ ನ್ಯಾನೊ (ಪುಟ್ಟ ಕಂಟ್ರೋಲರ್ ಬೋರ್ಡ್), ಎರಡು ಎಚ್‌ಸಿ-12 (ತಂತಿಯಿಲ್ಲದೆ ಸಂದೇಶ ಕಳಿಸುವ ರೇಡಿಯೊ ಮಾಡ್ಯೂಲ್). ಮೇಜಿನ ಮೇಲೆ ಸರಿ, ತೋಟದಲ್ಲಿ "ಮಟ್ಟ:4" ಬರುವಲ್ಲಿ "ಮಟ್" ಅಷ್ಟೇ.

ಸೆಟ್ ಪಿನ್ ಗ್ರೌಂಡಿಗೆ ಕೊಟ್ಟು ಎಟಿ+ಆರ್‌ಎಕ್ಸ್ (ಸೆಟ್ಟಿಂಗ್ ತೋರಿಸುವ ಆದೇಶ) ಕೇಳಿದರೆ ಎರಡರಲ್ಲೂ ವೇಗ 9600 ಬಾಡ್, ಚಾನೆಲ್ 001, ಮೋಡ್ ಎಫ್‌ಯು3. ಕಳಿಸುವಾಗ ಸುಮಾರು 100 ಮಿಲಿಆಂಪ್ ಎಳೆಯುವುದರಿಂದ ನ್ಯಾನೊದ 3.3 ವೋಲ್ಟ್ ಬಿಟ್ಟು 5 ವೋಲ್ಟ್ ಕೊಟ್ಟಿದೆ, 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದೆ. ವ್ಯತ್ಯಾಸ ಇಲ್ಲ.

ಅನುಮಾನ ಇರುವುದು ಸ್ಪ್ರಿಂಗ್ ಆಂಟೆನಾ ಮೇಲೆ. ಅದು ಪಂಪ್‌ಶೆಡ್ಡಿನ ತಗಡಿನ ಕೆಳಗಿದೆ, ಸುತ್ತ ಒದ್ದೆ ಸೋಗೆ. 17.3 ಸೆಂಟಿಮೀಟರ್ ತಂತಿ ಬೆಸುಗೆ ಹಾಕಿ ಮಾಡಿನ ಮೇಲೆ ಏರಿಸಿದರೆ ಸಾಕಾ, ಅಥವಾ ಎರಡು ಮಾಡ್ಯೂಲನ್ನೂ ದೂರ ತಲುಪುವ ನಿಧಾನ ಮೋಡ್ ಎಫ್‌ಯು4, 1200 ಬಾಡ್‌ಗೆ ಇಳಿಸಬೇಕಾ? ನಿಧಾನವಾದರೂ ತೊಂದರೆಯಿಲ್ಲ, ನಿಮಿಷಕ್ಕೊಂದು ಸಂದೇಶ ಸಾಕು. ಮಳೆಗಾಲದಲ್ಲಿ ತೋಟದೊಳಗೆ ಓಡಿಸಿದವರು ದಯವಿಟ್ಟು ಹೇಳಿ.