ಪಂಪ್‌ಸೆಟ್ ಹತ್ತಿರ ಶಾಕ್ ಹೊಡೆದರೆ: ಟಂಟಂ ಹತ್ತಿಸುವ ಮೊದಲು

ಪ್ರಶ್ನೆ (ಮುಧೋಳ ತಾಲೂಕಿನ ರೈತರು): ಡಾಕ್ಟ್ರೇ, ಕಬ್ಬಿಗೆ ನೀರು ಬಿಡಲು ರಾತ್ರಿ ಒದ್ದೆ ಕೈಯಲ್ಲೇ ಸ್ಟಾರ್ಟರ್ ಮುಟ್ಟುತ್ತೇವೆ. ಯಾರಾದರೂ ಶಾಕ್ ಹೊಡೆದು ಬಿದ್ದರೆ ಕೈಕಾಲು ತಿಕ್ಕಿ, ಟಂಟಂಗೆ ಹಾಕಿ ದವಾಖಾನೆಗೆ ಓಡಿಸುವುದು ನಮ್ಮ ಕಡೆ ರೂಢಿ. ಇದು ಸರಿನಾ?

ಡಾಕ್ಟರ್ (ತುರ್ತು ಚಿಕಿತ್ಸೆ, ಬಾಗಲಕೋಟೆ): ಹೃದಯ ನಿಂತ ನಾಲ್ಕೈದು ನಿಮಿಷಕ್ಕೇ ಮೆದುಳು ಕೆಡಲು ಶುರುವಾಗುತ್ತದೆ. ಹೊಲದಿಂದ ಡಾಂಬರು ರಸ್ತೆಗೆ ಬರುವಷ್ಟರಲ್ಲೇ ಆ ಹೊತ್ತು ಮುಗಿದಿರುತ್ತದೆ, ಅಲ್ವಾ? ಹಾಗಾಗಿ ಕೆಲಸ ಹೊಲದಲ್ಲೇ ಆಗಬೇಕು.

ಮೊದಲು ಆತನನ್ನು ಮುಟ್ಟಬೇಡಿ. ಸ್ಟಾರ್ಟರ್ ಆಫ್ ಮಾಡಿದರೆ ಸಾಲದು, ಪೆಟ್ಟಿಗೆಗೆ ಬರುವ ತಂತಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅದರ ಹಿಂದಿನ ಮೇನ್ ಸ್ವಿಚ್ ಇಳಿಸಿ. ಆಗದಿದ್ದರೆ ಒಣ ಜಾಗದಲ್ಲಿ ನಿಂತು ಒಣ ಕಟ್ಟಿಗೆಯಿಂದ ದೂರ ತಳ್ಳಿ. 11 ಕೆವಿಯ (ಹೈ ವೋಲ್ಟೇಜ್) ತಂತಿ ಹರಿದು ಬಿದ್ದಿದ್ದರೆ ಮಾತ್ರ ಕಟ್ಟಿಗೆಯೂ ಬೇಡ, ಹತ್ತಿರವೂ ಹೋಗಬೇಡಿ. 1912ಕ್ಕೆ ಫೋನ್ ಮಾಡಿ ವಿದ್ಯುತ್ ಕಂಪನಿ ಹೆಸ್ಕಾಂನವರಿಂದ ಲೈನ್ ಬಂದ್ ಮಾಡಿಸಿ.

ಆಮೇಲೆ ಭುಜ ತಟ್ಟಿ ಜೋರಾಗಿ ಕರೆಯಿರಿ. ಎದೆ ಏರಿಳಿಯುತ್ತಿದೆಯಾ ನೋಡಿ, ಹತ್ತು ಸೆಕೆಂಡಿಗಿಂತ ಜಾಸ್ತಿ ಬೇಡ. ಬಹಳ ಜನ ಮೋಸ ಹೋಗುವುದು ಇಲ್ಲೇ. ಹೃದಯ ನಿಂತ ಮೇಲೂ ಕೆಲವರು ಬಾಯಿ ತೆರೆದು, ಗೊರಕೆಯಂಥ ಸದ್ದು ಮಾಡುತ್ತಾ ಆಗೊಮ್ಮೆ ಈಗೊಮ್ಮೆ ಗಾಳಿ ಎಳೆಯುತ್ತಾರೆ. ಸುತ್ತಲಿನವರು ‘ಉಸಿರಿದೆ’ ಅಂತ ಸುಮ್ನೆ ಕೂರುತ್ತಾರೆ. ಅದು ಉಸಿರಾಟವಲ್ಲ. ಎದೆ ಒತ್ತಲು ಶುರು ಮಾಡಿ.

ಒಬ್ಬರು 108ಕ್ಕೆ ಫೋನ್ ಮಾಡಲಿ. ಆತ ಗಟ್ಟಿ ನೆಲದ ಮೇಲೆ ಅಂಗಾತ ಇರಬೇಕು. ಹೊರಸು ಬೇಡ, ನೀವು ಒತ್ತಿದ್ದೆಲ್ಲ ಹೊರಸಿಗೇ ಹೋಗುತ್ತದೆ. ಎದೆಯ ನಟ್ಟನಡುವೆ ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚದೆ ಮೈಭಾರ ಹಾಕಿ ಒತ್ತಿ. 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲಿ. ಎರಡು ನಿಮಿಷಕ್ಕೆ ಎಂಥ ಗಟ್ಟಿಗರೂ ದಣಿಯುತ್ತಾರೆ, ಆಗ ಇನ್ನೊಬ್ಬರು ಕೂರಲಿ. ಕುಲುಕಾಡುವ ಟಂಟಂನಲ್ಲಿ ಇದು ಆಗದ ಮಾತು. ಆಂಬುಲೆನ್ಸ್ ಬರುವವರೆಗೆ ಅಲ್ಲೇ ಒತ್ತಿ, ದಯವಿಟ್ಟು.

ಪ್ರಶ್ನೆ (ಜಮಖಂಡಿಯ ಶಿಕ್ಷಕಿ): ಪಕ್ಕೆಲುಬು ಮುರಿದರೆ? ಬಾಯಿಗೆ ಬಾಯಿಟ್ಟು ಊದಲೇಬೇಕಾ?

ಡಾಕ್ಟರ್: ವಯಸ್ಸಾದವರಲ್ಲಿ ‘ಲಟಕ್’ ಅಂತ ಕೇಳಬಹುದು. ನಿಲ್ಲಿಸಬೇಡಿ, ಎಲುಬು ಆಮೇಲೆ ಕೂಡುತ್ತದೆ. ಊದಲು ಬಾರದವರು ಬರೀ ಒತ್ತಿದರೂ ಸಾಕು. ಆದರೆ ಬಾವಿ, ಕಾಲುವೆಯಲ್ಲಿ ಮುಳುಗಿದವರಿಗೆ, ಮಕ್ಕಳಿಗೆ ಉಸಿರೂ ಬೇಕು. 2 ಸಲ ಊದಿ, 30 ಸಲ ಒತ್ತಿ, ಹಾಗೇ ಮುಂದುವರಿಸಿ. ಹೊಟ್ಟೆ ಅಮುಕಿ ನೀರು ತೆಗೆಯಲು ಹೋಗಬೇಡಿ.

ಪ್ರಶ್ನೆ (ಬೀಳಗಿಯಿಂದ): ಕಬ್ಬು ಕಡಿಯುವ ಗ್ಯಾಂಗ್‌ನವರು ಹಾವು ಕಚ್ಚಿದರೆ ಹಗ್ಗ ಬಿಗಿಯುತ್ತಾರಲ್ಲ?

ಡಾಕ್ಟರ್: ಹಗ್ಗವೂ ಬೇಡ, ಬ್ಲೇಡೂ ಬೇಡ. ಉಂಗುರ, ಕಾಲ್ಗೆಜ್ಜೆ ತೆಗೆದು, ಕಚ್ಚಿದ ಕಾಲು ಅಲ್ಲಾಡದಂತೆ ಇಟ್ಟು, ನಡೆಸದೆ ಎತ್ತಿಕೊಂಡು ಬನ್ನಿ. ಹಾವು ಕಚ್ಚಿದಾಗ ಮಾತ್ರ ಸಿಕ್ಕ ಗಾಡಿ ಹತ್ತಿ, ಮದ್ದು ಇರುವುದು ದವಾಖಾನೆಯಲ್ಲೇ. ಗುಡಿಸಲಲ್ಲಿ ನೆಲದ ಮೇಲೆ ಮಲಗುವವರಿಗೆ ಕಟ್ಟುಹಾವಿನ ಭಯ ಜಾಸ್ತಿ. ನಿದ್ದೆಯಲ್ಲಿ ಕಚ್ಚಿದ್ದು ಗೊತ್ತಾಗದೇ ಇರಬಹುದು, ಗುರುತೂ ಕಾಣದೇ ಇರಬಹುದು. ಬೆಳಗ್ಗೆ ಹೊಟ್ಟೆನೋವು, ರೆಪ್ಪೆ ಜೋತು ಬೀಳುವುದು, ನುಂಗಲು ಕಷ್ಟ. ಇಷ್ಟು ಕಂಡರೆ ಹಾವು ನೋಡದಿದ್ದರೂ ಹೊರಡಿ.

ಪ್ರಶ್ನೆ (ಮೊದಲಿನ ರೈತರು): ಶಾಕ್ ಹೊಡೆದವರು ಎದ್ದು ಕೂತು ನೀರು ಕೇಳಿದರೆ ಮನೆಗೆ ಕರೆದೊಯ್ಯಬಹುದಾ?

ಡಾಕ್ಟರ್: ಬೇಡ. ಎಚ್ಚರ ತಪ್ಪಿದ್ದವರಿಗೆ ಇಸಿಜಿ ಆಗಲೇಬೇಕು. ಹೊರಗೆ ಕಡಲೆಕಾಳಿನಷ್ಟು ಸುಟ್ಟ ಗಾಯ ಇದ್ದರೂ ಒಳಗೆ ಮಾಂಸಖಂಡ ಬೆಂದಿರಬಹುದು. ಮೂತ್ರ ಕಪ್ಪು ಕೆಂಪು ಬಣ್ಣಕ್ಕೆ ತಿರುಗಿದರೆ ಕಿಡ್ನಿಗೆ ಅಪಾಯ ಬಂದಿದೆ ಅಂತ, ಅಡ್ಮಿಟ್ ಆಗಲೇಬೇಕು.