ಸಹಾಯ ಬೇಕು: ಎನ್‌ಐಸಿಯು ಮಕ್ಕಳಿಗೆ ಮ್ಯೂಪಿರೋಸಿನ್ ಹಚ್ಚುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾನು ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ನರ್ಸ್. ನಮ್ಮಲ್ಲಿ ಕೆಲವು ಮಕ್ಕಳ ಮೂಗಿನ ಸ್ವಾಬ್‌ನಲ್ಲಿ ಎಂಆರ್‌ಎಸ್‌ಎ (ಹಲವು ಆಂಟಿಬಯಾಟಿಕ್‌ಗಳಿಗೆ ಬಗ್ಗದ ಒಂದು ಬ್ಯಾಕ್ಟೀರಿಯಾ) ಬಂದಿದೆ. ಯಾರಿಗೂ ಸೋಂಕಿನ ಲಕ್ಷಣ ಇಲ್ಲ, ಬ್ಯಾಕ್ಟೀರಿಯಾ ಸುಮ್ನೆ ಕೂತಿದೆ ಅಷ್ಟೇ. ಆದರೆ ದಿನ ತುಂಬದೆ ಹುಟ್ಟಿದ ಮಕ್ಕಳ ಚರ್ಮ ತುಂಬಾ ತೆಳು, ಜೊತೆಗೆ ಐವಿ ಲೈನ್‌ಗಳು ಬೇರೆ. ರಕ್ತಕ್ಕೆ ಇಳಿದರೆ ಕಷ್ಟ, ಅಲ್ವಾ?

ಮೂಗಿಗೆ 2% ಮ್ಯೂಪಿರೋಸಿನ್ ಎಂಬ ಆಂಟಿಬಯಾಟಿಕ್ ಮುಲಾಮು, ದಿನಕ್ಕೆ 2 ಸಲ, 5 ದಿನ ಹಚ್ಚುವ ಯೋಚನೆ ನಡೆದಿದೆ. ಪಾಸಿಟಿವ್ ಬಂದವರಿಗೆ ಮಾತ್ರವೋ, ವಾರ್ಡಿನ ಎಲ್ಲಾ ಮಕ್ಕಳಿಗೋ ಅನ್ನೋದೇ ಚರ್ಚೆ. ಎಲ್ಲರಿಗೂ ಹಚ್ಚಿದರೆ ಔಷಧಕ್ಕೆ ಬಗ್ಗದ ತಳಿ ಬೆಳೆದೀತು ಎಂಬ ಭಯ ನನಗೆ ಜಾಸ್ತಿ. ಮುಲಾಮು ನಿಲ್ಲಿಸಿದ ಮೇಲೆ ಕೆಲವರಲ್ಲಿ ಮತ್ತೆ ಬರುವುದೂ ಉಂಟು. ಕೈ ತೊಳೆಯುವುದು ಸಡಿಲವಾದರೆ ಮುಲಾಮು ತಾನೇ ಏನು ಮಾಡೀತು? (ರೌಂಡ್ಸ್‌ನಲ್ಲಿ ಇದನ್ನು ಹೇಳಿದರೆ ಎಲ್ಲರೂ ನೆಲ ನೋಡುತ್ತಾರೆ.)

ನಿಮ್ಮಲ್ಲಿ ಇದನ್ನು ಮಾಡಿದ್ದರೆ ದಯವಿಟ್ಟು ಹೇಳಿ. ಹೊಕ್ಕುಳಿನ ಸುತ್ತಲೂ ಹಚ್ಚುತ್ತೀರಾ? ಮೂಗಿನಲ್ಲಿ ಸಿಪ್ಯಾಪ್ (ಉಸಿರಾಟಕ್ಕೆ ಒತ್ತಡದಲ್ಲಿ ಗಾಳಿ ಕೊಡುವ ಸಾಧನ) ಇರುವ ಮಗುವಿಗೆ ಹೇಗೆ ಹಚ್ಚುವುದು? ಮತ್ತೆ ಸ್ವಾಬ್ ಯಾವಾಗ ತೆಗೆಯುತ್ತೀರಿ? ತಂದೆತಾಯಿಯ ಮೂಗನ್ನೂ ಪರೀಕ್ಷಿಸುತ್ತೀರಾ? ಕ್ಲೋರ್‌ಹೆಕ್ಸಿಡಿನ್ (ಚರ್ಮದ ರೋಗಾಣುನಾಶಕ) ಸ್ನಾನದ ಸಲಹೆ ಬೇಡ, ನಮ್ಮ ಮಕ್ಕಳು ತೀರಾ ಚಿಕ್ಕವರು, ಚರ್ಮ ಸುಡಬಹುದು. ಬರೆದಿಟ್ಟ ಪ್ರೋಟೋಕಾಲ್ ಇದ್ದರೆ ಹಂಚಿಕೊಳ್ಳಿ, ನಮ್ಮ ಡಾಕ್ಟರ್‌ಗೆ ತೋರಿಸುತ್ತೇನೆ.